ಒಂದು ಬೆರಳಷ್ಟು ಎತ್ತರ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಯಾರೇ ಇರಲಿ, ಮೈಸೂರಿನ ಸಿದ್ಧಾರ್ಥನಗರದ ಅಂಚಿನಲ್ಲಿದ್ದ ಆ ಶಾಲೆಯ ಮೈದಾನವನ್ನಂತೂ ಅವರು ನೋಡಿರಲಿಲ್ಲ. ಅಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಬೆಟ್ಟದ ಕಡೆಯ ಗೋಲಿನಿಂದ ರಸ್ತೆ ಕಡೆಯ ಗೋಲಿಗೆ ಒಂದೇ ಇಳಿಜಾರು, ನಡುವೆ ಮಳೆನೀರು ಕೊರೆದ ಕಾಲುವೆ, ಎಲ್ಲೆಂದರಲ್ಲಿ ಬೆಣಚುಕಲ್ಲು. ಬೆಳಿಗ್ಗೆ ಅದು ಎಮ್ಮೆ ಹೊಡೆದುಕೊಂಡು ಹೋಗುವವರ ದಾರಿ, ಮಧ್ಯಾಹ್ನ ಹಪ್ಪಳ ಒಣಗಿಸುವವರ ಕಣ, ಸಂಜೆ ಒಂದೆರಡು ತಾಸು ಮಾತ್ರ ಹಾಕಿ ಮೈದಾನ. ಶಾಲಿನಿ ಆಟ ಕಲಿತದ್ದು ಆ ನೆಲದ ಮೇಲೆ. ಅವಳು ಏರಿದ್ದಕ್ಕೂ ಬಿದ್ದದ್ದಕ್ಕೂ ಆ ನೆಲವೇ ಕಾರಣ ಎನ್ನುವವರು ಈಗಲೂ ಇದ್ದಾರೆ.

ಅವಳ ಅಪ್ಪ ಮಹದೇವು ಮಂಡಕಳ್ಳಿಯವನು. ಹಳ್ಳಿಯ ಸೊಪ್ಪು ತರಕಾರಿಯನ್ನು ದೇವರಾಜ ಮಾರುಕಟ್ಟೆಗೆ ಸಾಗಿಸುವ ಲಗೇಜ್ ಆಟೋ ಅವನ ಬದುಕು. ಅವ್ವ ದೇವಿರಮ್ಮ ಮನೆ ಮುಂದಿನ ಜಗುಲಿಯಲ್ಲಿ ಇಡ್ಲಿ ಬೇಯಿಸಿ ಮಾರುತ್ತಿದ್ದಳು. ಇಬ್ಬರ ಲೆಕ್ಕದಲ್ಲೂ ಹಾಕಿ ಎಂದರೆ ಕೊಡಗಿನವರ ವಿದ್ಯೆ. ತಮ್ಮಂಥವರ ಮನೆಯ ಹೆಣ್ಣುಮಗು ಚಡ್ಡಿ ಹಾಕಿಕೊಂಡು ಕೋಲು ಹಿಡಿದು ಓಡುವುದನ್ನು ಕೇರಿಯವರು ನೋಡಿದರೆ ಏನೆಂದಾರು ಎಂಬ ಮುಜುಗರ ಬೇರೆ. ತೊಂಬತ್ತೈದನೇ ಇಸವಿಯಲ್ಲಿ, ಶಾಲಿನಿ ಆರನೇ ಕ್ಲಾಸಿನಲ್ಲಿದ್ದಾಗ, ಶಾಲೆಯ ಪಿ.ಟಿ. ಮೇಡಂ ಸುಮಿತ್ರಮ್ಮ ಒಂದು ದಿನ ಜಗುಲಿಯ ಮೇಲೆ ಬಂದು ಕುಳಿತರು. ಇಡ್ಲಿ ತಿಂದರು, ಚಟ್ನಿಯನ್ನು ಹೊಗಳಿದರು, ಆಮೇಲೆ ಹಾಕಿ ಟೀಮಿಗೆ ಸೇರಿದ ಮಕ್ಕಳಿಗೆ ದಿನಾ ಹಾಲು, ಮೊಟ್ಟೆ ಕೊಡುತ್ತಾರೆ ಎಂದರು. ಮಗಳಿಗೆ ಆಟ ಬರಲಿ ಬಿಡಲಿ, ಮೊಟ್ಟೆ ಸಿಗುವುದಾದರೆ ಹೋಗಲಿ ಎಂದು ದೇವಿರಮ್ಮ ಒಪ್ಪಿದಳು. ಭಾರತ ತಂಡಕ್ಕೆ ಒಬ್ಬ ಆಟಗಾರ್ತಿ ಸಿಕ್ಕಿದ್ದು ಹೀಗೆ, ಮೊಟ್ಟೆಯ ಆಸೆಗೆ.

ಸುಮಿತ್ರಮ್ಮನವರು ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಿಳಿ ಕ್ಯಾನ್ವಾಸ್ ಶೂ ತೊಟ್ಟು ಮೈದಾನಕ್ಕಿಳಿಯುವವರು. ತಮ್ಮ ಕಾಲದಲ್ಲಿ ಕಾಲೇಜಿಗೆ ಆಡಿದವರು, ಇಂಥದ್ದೇ ಮಣ್ಣಿನ ಮೇಲೆ. ಅವರು ಎಲ್ಲಕ್ಕಿಂತ ಮೊದಲು ಕಲಿಸುತ್ತಿದ್ದದ್ದು ಹೊಡೆಯುವುದನ್ನಲ್ಲ, ಬರುವ ಚೆಂಡನ್ನು ತಡೆಯುವುದನ್ನು. ಈ ನೆಲದಲ್ಲಿ ಚೆಂಡನ್ನು ನಂಬಬಾರದು. ದಾರಿಯಲ್ಲಿ ಯಾವ ಕಲ್ಲು ಅದರ ಕಿವಿಯಲ್ಲಿ ಏನು ಊದುತ್ತದೋ ಯಾರಿಗೂ ಗೊತ್ತಿಲ್ಲ. ಕೊನೇ ಗಳಿಗೆಯಲ್ಲಿ ಅದು ನೆಗೆದೇ ನೆಗೆಯುತ್ತದೆ. ಆದ್ದರಿಂದ ಸ್ಟಿಕ್ಕನ್ನು ನೆಲಕ್ಕೆ ಅಂಟಿಸಬೇಡಿ, ಒಂದು ಬೆರಳಷ್ಟು ಎತ್ತಿ ಕಾಯಿರಿ ಎನ್ನುತ್ತಿದ್ದರು. ಬರೀ ಹೇಳಿ ಸುಮ್ಮನಾಗುತ್ತಿರಲಿಲ್ಲ. ಸಾಲಾಗಿ ನಿಂತ ಹುಡುಗಿಯರ ಮುಂದೆ ಕುಕ್ಕರಗಾಲಲ್ಲಿ ಕೂತು ಒಬ್ಬೊಬ್ಬಳ ಸ್ಟಿಕ್ಕಿನ ಕೆಳಗೂ ತೋರುಬೆರಳು ತೂರಿಸಿ ನೋಡುತ್ತಿದ್ದರು. ಬೆರಳು ತೂರದಿದ್ದರೆ ಮೈದಾನಕ್ಕೆ ಒಂದು ಸುತ್ತು ಓಟ.

ಶಾಲಿನಿಗೆ ಆ ಪಾಠ ಕೈಯೊಳಗೇ ಇಳಿಯಿತು. ಚೆಂಡು ಬರುವುದು ಕಂಡರೆ ಸಾಕು, ಅವಳು ಎಣಿಸುವ ಮೊದಲೇ ಸ್ಟಿಕ್ಕು ಬೆರಳಷ್ಟು ಮೇಲೆದ್ದಿರುತ್ತಿತ್ತು, ನೆಗೆದ ಚೆಂಡು ಬಂದು ಅದಕ್ಕೆ ಬಡಿದು ಕಾಲಬುಡದಲ್ಲಿ ಬೀಳುತ್ತಿತ್ತು. ಫುಲ್‌ಬ್ಯಾಕ್ ಜಾಗದಲ್ಲಿ ಅವಳು ನಿಂತರೆ ಹಿಂದೆ ಗೋಲ್‌ಕೀಪರಿಗೆ ಕೆಲಸವಿಲ್ಲ ಎಂದು ಬೇರೆ ಶಾಲೆಯವರೇ ಹೇಳಿಕೊಂಡು ತಿರುಗಿದರು. ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಕ್ರೀಡಾ ಹಾಸ್ಟೆಲಿನಲ್ಲಿದ್ದಳು, ರಾಜ್ಯದ ಕಿರಿಯರ ತಂಡದಲ್ಲಿದ್ದಳು. ಹಾಸ್ಟೆಲಿನ ಮೈದಾನವೂ ಮಣ್ಣಿನದೇ. ಮೈಸೂರಿನಲ್ಲಿ ಆಗ ಟರ್ಫ್ ಎಂಬ ಕೃತಕ ಹುಲ್ಲಿನ ಹಾಸು ಟಿ.ವಿ.ಯಲ್ಲಿ ನೋಡುವ ವಸ್ತುವಾಗಿತ್ತು. ಎಲ್ಲಿ ಹೋದರೂ ಅವಳ ಆಟ ಅದೇ, ಹೆಸರು ಅದೇ. ಭಾನುವಾರ ಮನೆಗೆ ಬಂದರೆ ಮೊದಲು ಸುಮಿತ್ರಮ್ಮನವರ ಮನೆಗೆ ಹೋಗಿ ಅವರ ಕಾಲು ಮುಟ್ಟಿ ಬಂದೇ ಅವ್ವನ ಇಡ್ಲಿಗೆ ಕೂರುತ್ತಿದ್ದಳು.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಭಾರತದ ಕಿರಿಯರ ತಂಡದ ಶಿಬಿರಕ್ಕೆ ಬೆಂಗಳೂರಿನಿಂದ ಕರೆ ಬಂತು. ಶಾಲಿನಿಗೆ ಹದಿನೆಂಟು. ಮೊದಲ ದಿನ ಟರ್ಫಿನ ಮೇಲೆ ಕಾಲಿಟ್ಟಾಗ ಚಪ್ಪಲಿ ಬಿಟ್ಟು ಬರಬೇಕಿತ್ತೇನೋ ಅನ್ನಿಸಿತು. ನೀರು ಹೊಡೆದ ಹಸಿರು ನೆಲ, ಒಂದು ಕಲ್ಲಿಲ್ಲ, ಒಂದು ಉಬ್ಬಿಲ್ಲ. ಜಾರ್ಖಂಡಿನ ಹುಡುಗಿಯೊಬ್ಬಳು ಆಚೆಯಿಂದ ಚೆಂಡು ತಳ್ಳಿದಳು. ಅದು ಸದ್ದಿಲ್ಲದೆ ನೆಲಕ್ಕಂಟಿಕೊಂಡೇ ಬಂತು. ಶಾಲಿನಿಯ ಸ್ಟಿಕ್ಕು ಬೆರಳಷ್ಟು ಮೇಲೆದ್ದಿತು. ಚೆಂಡು ಅದರ ಅಡಿಯಲ್ಲಿ ನುಸುಳಿ ಹಿಂದಕ್ಕೆ ಹೋಯಿತು. ಮತ್ತೆ ತಳ್ಳಿದಳು, ಮತ್ತೆ ಹೋಯಿತು. ಸುತ್ತಲಿದ್ದವರು ನಕ್ಕರು, ಶಾಲಿನಿಯೂ ನಕ್ಕಳು, ಆದರೆ ಮೂರನೆಯದೂ ಹೋದಾಗ ನಗು ನಿಂತಿತು. ಸಮನಾದ ನೆಲದ ಮೇಲೆ ಕುಣಿಯಲು ಬಾರದವಳೆಂದರೆ ತಾನೊಬ್ಬಳೇ ಇರಬೇಕು ಅಂದುಕೊಂಡಳು.

ಶಿಬಿರದ ಕೋಚ್ ಕೆಟ್ಟವರಲ್ಲ. ಅವಳನ್ನು ಕೂರಿಸಿಕೊಂಡು, ಇಲ್ಲಿ ಚೆಂಡು ನೆಗೆಯುವುದಿಲ್ಲ, ಮೈ ಬಗ್ಗಿಸಿ ಮುಖ ಚೆಂಡಿನ ಹತ್ತಿರ ತರಬೇಕು, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿಬಿಡಬೇಕು ಎಂದು ಬಿಡಿಸಿ ಹೇಳಿದರು. ಯೋಚಿಸಿ ಆಡಿದಾಗ ಅವಳಿಗೂ ಬರುತ್ತಿತ್ತು. ಆದರೆ ದಣಿವಾದಾಗ, ಗಾಬರಿಯಾದಾಗ, ಯೋಚನೆ ಕೈಕೊಡುತ್ತಿತ್ತು. ಆಗ ಕೈ ತನ್ನಷ್ಟಕ್ಕೆ ಹಳೆಯ ಪಾಠ ಒಪ್ಪಿಸುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೂ ಎದುರಾಳಿಯ ಕಾಲಡಿಯಿಂದ ಚೆಂಡು ಕಿತ್ತುಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರು ಶಿಬಿರದಲ್ಲಿ ಇರಲಿಲ್ಲವಾದ್ದರಿಂದ ತಂಡಕ್ಕೆ ಆಯ್ಕೆಯಾದಳು. ಅಂದು ದೇವಿರಮ್ಮ ಕೇರಿಗೆಲ್ಲ ಮೈಸೂರ್‌ಪಾಕ್ ಹಂಚಿದಳು. ಮಹದೇವು ಆಟೋ ಹಿಂದೆ ದೊಡ್ಡ ಅಕ್ಷರದಲ್ಲಿ ಮಗಳ ಹೆಸರು ಬರೆಸಿದ.

ಹಾಲೆಂಡಿನ ಒಂದು ಊರಿನಲ್ಲಿ ನಾಲ್ಕು ದೇಶಗಳ ಪಂದ್ಯಾವಳಿ. ಮೊದಲ ಪಂದ್ಯಗಳು ಹೇಗೋ ಸಾಗಿದವು. ಕೊನೆಯದು ಹಾಲೆಂಡಿನವರ ಮೇಲೆಯೇ, ಎರಡೂ ಕಡೆ ಗೋಲು ಸಮ, ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು. ಶಾಲಿನಿಯ ಕಾಲುಗಳು ಸೋತಿದ್ದವು. ಎದುರಿನಿಂದ ಒಂದು ಚೆಂಡು ಬಂತು. ಹೊಡೆತವೂ ಅಲ್ಲ, ಗೋಲಿನ ವೃತ್ತದೊಳಗೆ ಯಾರೋ ಯಾರಿಗೋ ಕೊಟ್ಟ ಸಾದಾ ಪಾಸು. ಹಿಂದಿದ್ದ ಗೋಲ್‌ಕೀಪರ್ ಶಾಲಿನಿ ಇದ್ದಾಳಲ್ಲ ಎಂದು ನೆಚ್ಚಿ ನಿಂತಿದ್ದಳು. ಸ್ಟಿಕ್ಕು ಬೆರಳಷ್ಟು ಎದ್ದಿತು. ಚೆಂಡು ಅಡಿಯಲ್ಲಿ ಹೋದದ್ದು ಅವಳಿಗೆ ಕಾಣಿಸಲೂ ಇಲ್ಲ, ಹಿಂದೆ ಗೋಲಿನ ಹಲಗೆಗೆ ಟಕ್ ಎಂದದ್ದು ಮಾತ್ರ ಕೇಳಿಸಿತು. ಸೋತು ಮರಳುವ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಉಳಿಯಿತು. ದೆಹಲಿಯಲ್ಲಿ ಇಳಿದಾಗ ಕೋಚ್ ಅವಳ ಹೆಗಲು ಮುಟ್ಟಿ, ಆ ಕೈಯ ಚಾಳಿ ಹೋದ ದಿನ ನನಗೆ ತಿಳಿಸು, ಹೋಗದಿದ್ದರೆ ಇಷ್ಟಕ್ಕೇ ಸಾಕು ಎಂದರು. ಗದರಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಊರಿಗೆ ಬಂದವಳು ಮನೆಯಿಂದ ಹೊರಬೀಳಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಳು: ಮಣ್ಣಿನ ನೆಲದಲ್ಲಿ ಕಲಿತದ್ದೇ ತಪ್ಪಾಯಿತು. ಇಡ್ಲಿಗೆ ಬರುವವರು ಎದುರಿಗೆ ಅಯ್ಯೋ ಪಾಪ ಎಂದರು, ಜಗುಲಿ ಇಳಿದ ಮೇಲೆ ಆ ಹಳೇ ಗಾದೆ ಹೇಳಿಕೊಂಡು ನಕ್ಕರು. ದೇವಿರಮ್ಮನಿಗೆ ಅದು ಕೇಳಿಸುತ್ತಿತ್ತು. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಅಂಥದ್ದೊಂದು ಸಂಜೆ ಸುಮಿತ್ರಮ್ಮ ಬಾಳೆಹಣ್ಣು ಹಿಡಿದುಕೊಂಡು ಬಂದರು. ಈ ಸಲ ಶಾಲಿನಿ ಅವರ ಮನೆಗೆ ಹೋಗಿರಲಿಲ್ಲ, ಕಾಲು ಮುಟ್ಟಿರಲಿಲ್ಲ. ಅದನ್ನು ಅವರು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಕಾಫಿ ಲೋಟ ಹಿಡಿದುಕೊಂಡು, ಏನಾಯ್ತು ಹೇಳು ಕಣೇ ಎಂದು ಮೆಲ್ಲಗೆ ಕೇಳಿದರು. ಶಾಲಿನಿ ನೆಲ ನೋಡುತ್ತ ಕೂತಿದ್ದಳು.

"ನೀವು ಕಲಿಸಿದ್ದೇ ಆಯ್ತು ಮೇಡಂ," ಅಂದಳು. "ನೀವು ಎತ್ತು ಅಂದ್ರಲ್ಲ, ಆ ಒಂದು ಬೆರಳೇ ನನ್ನ ಮುಳುಗಿಸಿಬಿಡ್ತು."

ಸುಮಿತ್ರಮ್ಮ ಕಾಫಿಯನ್ನು ಕೊನೆತನಕ ಕುಡಿದರು, ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು, ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಅವರು ಗೇಟು ದಾಟಿದ ಮೇಲೆ ದೇವಿರಮ್ಮ ಮಗಳ ಮೇಲೆ ಹರಿಹಾಯ್ದಳು. "ಉಂಡ ಮನೆಗೆ ಎರಡು ಬಗೆದಂಗಾಯ್ತಲ್ಲೇ ಕೂಸೇ. ಆಯಮ್ಮ ಇಲ್ದಿದ್ರೆ ನೀ ಇವತ್ತು ಇಡ್ಲಿ ಪಾತ್ರೆ ತೊಳೀತಾ ಇರ್ತಿದ್ದೆ." ಶಾಲಿನಿಗೆ ಅದು ತಿಳಿಯದ್ದೇನಲ್ಲ. ಆದರೆ ಆಡಿದ ಮಾತು, ಒಡೆದ ಮುತ್ತು, ಎರಡನ್ನೂ ಮತ್ತೆ ಜೋಡಿಸಲಾಗುವುದಿಲ್ಲ.

ವಾರ ಕಳೆಯಿತು, ಆಷಾಢ ಹುಟ್ಟಿತು. ಒಂದು ಬೆಳಿಗ್ಗೆ ಸುಮಿತ್ರಮ್ಮ ಮತ್ತೆ ಬಂದರು, ಈ ಸಲ ಕ್ಯಾನ್ವಾಸ್ ಶೂ ಹಾಕಿಕೊಂಡು. ಜಗುಲಿ ಹತ್ತಲಿಲ್ಲ, ಕೆಳಗೆ ನಿಂತೇ ಕೇಳಿದರು. "ಆ ಟರ್ಫ್ ಅನ್ನೋದು ಹೆಂಗಿರುತ್ತೆ ಹೇಳು. ನಾನು ಕಣ್ಣಲ್ಲೂ ಕಂಡಿಲ್ಲ." ಶಾಲಿನಿ ತಡವರಿಸಿ, ನುಣ್ಣಗೆ, ಸಮವಾಗಿ, ಒದ್ದೆಯಾಗಿ ಇರುತ್ತದೆ ಎಂದಳು. ಸುಮಿತ್ರಮ್ಮ ತಲೆಯಾಡಿಸಿದರು. "ಸ್ಟಿಕ್ ತಗೊಂಡು ಬಾ. ಕಲಿಸಿದೋಳು ನಾನು, ಬಿಡಿಸೋಳೂ ನಾನೇ."

ಕರೆದುಕೊಂಡು ಹೋದದ್ದು ಮೂರು ಬೀದಿ ಆಚೆಗಿದ್ದ ಕಲ್ಯಾಣ ಮಂಟಪಕ್ಕೆ. ಆಷಾಢದಲ್ಲಿ ಮದುವೆಗಳಿಲ್ಲ, ಮಂಟಪ ಬಿಕೋ ಎನ್ನುತ್ತಿತ್ತು. ಮದುವೆ ಹಾಲಿನ ಮೊಸಾಯಿಕ್ ನೆಲ ಕನ್ನಡಿಯಂತೆ ಸಮ. ಕಾವಲುಗಾರ ನಿಂಗಯ್ಯನ ಮೊಮ್ಮಗಳು ಸುಮಿತ್ರಮ್ಮನವರ ಕೈಯಲ್ಲೇ ಕಲಿತವಳಾದ್ದರಿಂದ ಬೀಗ ತೆಗೆಯಲು ಅವನು ತಕರಾರು ಮಾಡಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ನೆಲಕ್ಕೆ ಸುರಿದರು. ಅಡ್ಡಲಾಗಿ ರಂಗೋಲಿ ಪುಡಿಯ ಒಂದು ಗೆರೆ ಎಳೆದರು. ಶಾಲಿನಿ ಗೆರೆಯ ಮೇಲೆ ಸ್ಟಿಕ್ಕು ಮಲಗಿಸಿ ನಿಲ್ಲಬೇಕು, ಸುಮಿತ್ರಮ್ಮ ಆಚೆ ತುದಿಯಿಂದ ಚೆಂಡು ತಳ್ಳಬೇಕು. ಸ್ಟಿಕ್ಕು ಎದ್ದರೆ ಚೆಂಡು ಅಡಿಯಲ್ಲಿ ನುಸುಳಿ, ಬಿಳಿಯ ಪುಡಿ ಬಳಿದುಕೊಂಡು, ಹಿಂದಿನ ಗೋಡೆಯವರೆಗೆ ಗೀರು ಬಿಡುತ್ತಿತ್ತು. ಮೊದಲ ದಿನ ಆ ನೆಲದ ತುಂಬ ಗೀರುಗಳೇ.

ಗೋಡೆಯ ಸುಣ್ಣ ಉದುರಿದಾಗಲೆಲ್ಲ ನಿಂಗಯ್ಯ ರೇಗಿಸುತ್ತಿದ್ದ: ಬೇರೆ ಹೆಣ್ಣುಮಕ್ಕಳು ಮಂಟಪಕ್ಕೆ ಬಂದರೆ ಅಕ್ಷತೆ ಬೀಳುತ್ತದೆ, ನೀನು ಬಂದರೆ ಸುಣ್ಣ ಬೀಳುತ್ತದಲ್ಲ ಎಂದು. ದೇವಿರಮ್ಮನಿಗೆ ಈ ಮಾತು ತಲುಪಿ, ಹತ್ತೊಂಬತ್ತಕ್ಕೆ ಬಿದ್ದ ಮಗಳು ಮಂಟಪದಲ್ಲಿ ಮಾಡುವ ಕೆಲಸ ಇದೇನಾ ಎಂದು ಅವಳು ನಿಟ್ಟುಸಿರಿಟ್ಟಳು. ಆದರೂ ದಿನಾ ಇಬ್ಬರಿಗೂ ಇಡ್ಲಿ ಕಟ್ಟಿ ಕಳಿಸುವುದನ್ನು ತಪ್ಪಿಸಲಿಲ್ಲ.

ದಣಿದಾಗಲೇ ಚಾಳಿ ಮರಳುವುದು ಎಂದು ತಿಳಿದ ಮೇಲೆ ಸುಮಿತ್ರಮ್ಮ ಅವಳನ್ನು ಮೊದಲು ದಣಿಸತೊಡಗಿದರು. ಊಟದ ಹಾಲಿನ ಮೆಟ್ಟಿಲನ್ನು ಮೇಲೆ ಕೆಳಗೆ ಓಡಿಸಿ, ಅವಳಿಗೆ ಉಸಿರು ಸಿಗದಾದಾಗ ಚೆಂಡು ತಳ್ಳುತ್ತಿದ್ದರು. ಹಿಂದೆ ಮಾಡುತ್ತಿದ್ದಂತೆಯೇ ಕುಕ್ಕರಗಾಲಲ್ಲಿ ಕೂತು ಸ್ಟಿಕ್ಕಿನ ಕೆಳಗೆ ತೋರುಬೆರಳು ತೂರಿಸಲು ನೋಡುತ್ತಿದ್ದರು. ಈಗ ಬೆರಳು ತೂರಿದರೆ ಮತ್ತೆ ಮೆಟ್ಟಿಲು. ಐವತ್ತು ದಾಟಿದ ಹೆಂಗಸು, ಸೊಂಟ ನೋವಿನವರು, ಬಗ್ಗಿ ಬಗ್ಗಿ ಚೆಂಡು ತಳ್ಳಿ ಶಾಲೆಯ ಹೊತ್ತಾಗುವುದರೊಳಗೆ ಸುಸ್ತಾಗುತ್ತಿದ್ದರು. ಒಂದು ದಿನ ಹಸೆಮಣೆ ಇಡುವ ಕಟ್ಟೆಯ ಮೇಲೆ ಕೂತುಬಿಟ್ಟರು. ಮೂವತ್ತು ವರ್ಷ ಇದೊಂದನ್ನೇ ಕಲಿಸಿಕೊಂಡು ಬಂದೆ, ಈಗ ನೋಡು ನನ್ನ ಕೈಯಾರೆ ಅಳಿಸ್ತಾ ಇದೀನಿ ಎಂದು ನಗಲು ಹೋದರು. ನಗು ಅರ್ಧಕ್ಕೇ ನಿಂತು ಕಣ್ಣು ತುಂಬಿತು. ಶಾಲಿನಿ ಆಗಲೇ ತಪ್ಪಾಯ್ತು ಮೇಡಂ ಅನ್ನಬೇಕಿತ್ತು. ಅನ್ನದೆ ಬಕೆಟ್ಟು ಎತ್ತಿಕೊಂಡು ನೀರು ತರಲು ಹೋದಳು.

ಶ್ರಾವಣ ಬಂದು ಮದುವೆಗಳು ಶುರುವಾದ ಮೇಲೂ ಅವರು ಬಿಡಲಿಲ್ಲ; ಮುಹೂರ್ತವಿಲ್ಲದ ದಿನ ನೋಡಿಕೊಂಡು ನಿಂಗಯ್ಯ ಹೇಳಿ ಕಳಿಸುತ್ತಿದ್ದ. ಗೀರುಗಳು ಕಡಿಮೆಯಾಗುತ್ತ ಬಂದವು. ಮುಂದಿನ ಆಷಾಢದ ಹೊತ್ತಿಗೆ ಶಾಲಿನಿ ಎಷ್ಟೇ ದಣಿದಿರಲಿ ಮೈ ತಾನಾಗಿ ಬಗ್ಗುತ್ತಿತ್ತು, ಸ್ಟಿಕ್ಕು ನೆಲ ಬಿಟ್ಟು ಏಳುತ್ತಿರಲಿಲ್ಲ. ಅಷ್ಟರಲ್ಲಿ ಹಿರಿಯರ ತಂಡದ ಹೊಣೆ ಹೊತ್ತಿದ್ದ ಅದೇ ಕೋಚ್‌ಗೆ ತಿಳಿಸಿದಳು. ಶಿಬಿರಕ್ಕೆ ಕರೆಸಿ, ಬಿಸಿಲಿನಲ್ಲಿ ಓಡಿಸಿ ಓಡಿಸಿ ಪರೀಕ್ಷಿಸಿದರು. ಎರಡು ಸಾವಿರದ ಮೂರರ ಕೊನೆಗೆ ಅವಳ ಹೆಸರು ಕಿರಿಯರದ್ದಲ್ಲ, ಹಿರಿಯರ ತಂಡಕ್ಕೇ ಬಂತು. ಜನವರಿಯಲ್ಲಿ ಪ್ರವಾಸ. ಹೊರಡುವ ಮುಂಚೆ ಮನೆಗೆ ಹೋಗಿ ಬನ್ನಿ ಎಂದು ಹುಡುಗಿಯರನ್ನೆಲ್ಲ ಕಳಿಸುವಾಗ ಕೋಚ್ ಹೇಳಿದ್ದು ಒಂದೇ ಮಾತು: ಊರಲ್ಲಿ ಯಾರು ಕರೆದರೂ ಮಣ್ಣಿನ ಮೈದಾನಕ್ಕೆ ಇಳಿಯಬೇಡಿ. ಒಮ್ಮೆ ಕೈಬಿಟ್ಟಿದ್ದ ಹುಡುಗಿಯನ್ನು ಮತ್ತೆ ತೆಗೆದುಕೊಂಡಿದ್ದೇನೆ, ಇನ್ನೊಂದು ಅವಕಾಶ ಸುಲಭಕ್ಕೆ ಸಿಗುವುದಿಲ್ಲ ಎಂಬುದನ್ನು ಶಾಲಿನಿಗೆ ಬೇರೆಯಾಗಿ ಹೇಳಿದರು.

ಅದೇ ಡಿಸೆಂಬರಿನ ಕೊನೆಗೆ ಸುಮಿತ್ರಮ್ಮನವರ ನಿವೃತ್ತಿ. ಶಾಲೆಯವರು ಮೈದಾನದಲ್ಲಿ ಶಾಮಿಯಾನ ಹಾಕಿಸಿದರು. ಮೇಡಂಗೂ ಶಾಲಿನಿಗೂ ಒಟ್ಟಿಗೇ ಸನ್ಮಾನ. ಆಮೇಲೆ ಹಳೆಯ ವಿದ್ಯಾರ್ಥಿನಿಯರಿಗೂ ಈಗಿನ ಶಾಲಾ ತಂಡಕ್ಕೂ ಒಂದು ಪ್ರದರ್ಶನ ಪಂದ್ಯ ಎಂದು ಯಾರೋ ಸೇರಿಸಿದರು. ಶಾಲಿನಿ ಆಡುತ್ತಾಳೋ ಇಲ್ಲವೋ ಎಂದು ಅವಳನ್ನು ಯಾರೂ ಕೇಳಲಿಲ್ಲ. ಕೇಳುವ ಪ್ರಶ್ನೆಯೇ ಅಲ್ಲ ಅದು, ನಮ್ಮೂರಲ್ಲಿ. ಮಹದೇವು ಮಂಡಕಳ್ಳಿಗೆ ಹೋಗಿ ತನ್ನ ತಾಯಿ ಬೆಟ್ಟಮ್ಮನನ್ನು ಆಟೋದಲ್ಲಿ ಮೆತ್ತೆ ಹಾಸಿ ಕೂರಿಸಿಕೊಂಡು ಬಂದ. ಮುದುಕಿ ಮೊಮ್ಮಗಳ ಆಟವನ್ನು ಇದುವರೆಗೂ ಕಂಡಿರಲಿಲ್ಲ. ಕಣ್ಣು ಮಂಜಾಗುವುದರೊಳಗೆ ಒಂದು ಸಲ ನೋಡಬೇಕೆಂದು ಮುಂದಿನ ಸಾಲಿನ ಕುರ್ಚಿಯಲ್ಲೇ ಕೂತಳು.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆದರೆ ಶಾಲಿನಿಯದು ಬರೀ ದಾಕ್ಷಿಣ್ಯವಾಗಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಈ ನೆಲವನ್ನೂ ಈ ಹೆಂಗಸನ್ನೂ ಒಟ್ಟಿಗೆ ಹಳಿದವಳು ತಾನು. ಇವತ್ತು ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ಈ ಮಣ್ಣಿಗೆ ಇಳಿಯಲಾರೆ ಅಂದರೆ, ಆವತ್ತಿನ ಮಾತನ್ನು ಊರೆಲ್ಲರ ಮುಂದೆ ಮತ್ತೊಮ್ಮೆ ಆಡಿದಂತೆಯೇ. ಬಾಯಲ್ಲಿ ಬಾರದ ಕ್ಷಮೆಯನ್ನು ಆಡಿ ತೋರಿಸಿಬಿಡೋಣ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಶೂ ಕಟ್ಟಿಕೊಳ್ಳುತ್ತಿದ್ದವಳನ್ನು ನೋಡಿ ಸುಮಿತ್ರಮ್ಮ ಹಾರ, ಪೇಟ ಹಾಕಿಕೊಂಡೇ ಶಾಮಿಯಾನದ ಹಿಂದಕ್ಕೆ ಬಂದರು. "ಶಾಲು ಹೊದಿಸಿದ್ರು, ಹೊದ್ದುಕೊಂಡ್ಯಲ್ಲ, ಸಾಕು. ಸ್ಟಿಕ್ ಮುಟ್ಟಬೇಡ," ಅಂದರು. ನಿಮಗೋಸ್ಕರ ಆಡ್ತೀನಿ ಎಂದಳು ಶಾಲಿನಿ. ನನಗೋಸ್ಕರ ಅಂದರೆ ಆಡಬೇಡ ಎಂದರು ಅವರು. ಅಷ್ಟರಲ್ಲಿ ಮೈಕಿನಲ್ಲಿ ಶಾಲಿನಿಯ ಹೆಸರು ಕೂಗಿದರು, ಜನ ಚಪ್ಪಾಳೆ ತಟ್ಟಿದರು. ಅವಳು ಓಡಿಬಿಟ್ಟಳು.

ನಿಂತದ್ದು ತನ್ನ ಹಳೆಯ ಜಾಗದಲ್ಲಿ, ರಸ್ತೆ ಕಡೆಯ ಗೋಲಿನ ಮುಂದೆ. ಮೇಲಿನಿಂದ ಚೆಂಡು ಇಳಿಜಾರಿನಲ್ಲಿ ಬರಬೇಕು. ಮೊದಲೆರಡು ಸಲ ಓಡಿಹೋಗಿ ಹುಡುಗಿಯರ ಕಾಲಡಿಯಿಂದಲೇ ಚೆಂಡು ಕಿತ್ತಳು, ಬೆಟ್ಟಮ್ಮ ಕುರ್ಚಿಯಿಂದ ಎದ್ದು ನಿಂತಳು. ಆಮೇಲೆ ಶಾಲಾ ತಂಡದ ಒಬ್ಬ ಗಟ್ಟಿಗಿತ್ತಿ ಹುಡುಗಿ ಬೆಟ್ಟದ ಕಡೆಯಿಂದ ಬೀಸಿ ಹೊಡೆದಳು. ಚೆಂಡು ಕಾಲುವೆ ದಾಟಿ ನೇರ ಅವಳ ಕಡೆಗೇ ಬಂತು. ಶಾಲಿನಿಗೆ ಅದು ಪೂರ್ತಿ ಕಾಣಿಸಿತು. ದಾರಿಯಲ್ಲಿದ್ದ ಬೆಣಚುಕಲ್ಲೂ ಕಾಣಿಸಿತು. ನೆಗೆಯುತ್ತದೆ ಎಂದು ತಲೆಗೆ ಗೊತ್ತಿತ್ತು. ಆದರೆ ತಲೆಯ ಮಾತು ಕೇಳುವ ಕೈ ಅದಲ್ಲ, ಮಂಟಪದ ನೆಲದಲ್ಲಿ ಒಂದೂವರೆ ವರ್ಷ ಪಳಗಿದ ಕೈ. ಮೈ ತಾನಾಗಿ ಬಗ್ಗಿತು, ಮುಖ ಚೆಂಡಿನ ಹತ್ತಿರಕ್ಕೆ ಬಂತು, ಸ್ಟಿಕ್ಕು ನೆಲಕ್ಕೆ ಮಲಗಿತು. ಚೆಂಡು ಕಲ್ಲಿಗೆ ತಾಗಿ ಸ್ಟಿಕ್ಕಿನ ಮೇಲಿಂದ ನೆಗೆದು ಅವಳ ಎಡಗೆನ್ನೆಗೆ ಬಡಿಯಿತು.

ಮುಂದಿನದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಬಚ್ಚಿಟ್ಟು ಪ್ರಯೋಜನವಿಲ್ಲ. ಕೆನ್ನೆಯ ಮೂಳೆ ಮುರಿದಿತ್ತು. ತಂಡ ಜನವರಿಯಲ್ಲಿ ಅವಳಿಲ್ಲದೆ ಹೊರಟಿತು. ಅವಳ ಜಾಗಕ್ಕೆ ಹೋದ ಹುಡುಗಿ ಚೆನ್ನಾಗಿಯೇ ಆಡಿದಳು. ಹೇಳಿದ ಮಾತು ಮೀರಿದಳೆಂದು ಕೋಚ್‌ಗೆ ಬಂದ ಸಿಟ್ಟು ಮೂಳೆ ಕೂಡಿದ ಮೇಲೂ ಇಳಿಯಲಿಲ್ಲ. ಮತ್ತೆ ಶಿಬಿರದ ಬಾಗಿಲು ಅವಳಿಗೆ ತೆರೆಯುವ ಹೊತ್ತಿಗೆ ಎರಡು ಆಷಾಢ ಕಳೆದಿದ್ದವು. ಮೊಮ್ಮಗಳ ಆಟ ನೋಡಬೇಕೆಂದು ತಾನೇ ಹಟ ಹಿಡಿದೆ ಎಂದು ಬೆಟ್ಟಮ್ಮ ಸಾಯುವತನಕ ಕೊರಗಿದಳು. ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ.

ಆದರೆ ಆ ಸಂಜೆ ಅದೊಂದೂ ಗೊತ್ತಿರಲಿಲ್ಲ. ಮಹದೇವು ಲಗೇಜ್ ಆಟೋವನ್ನು ಮೈದಾನದೊಳಕ್ಕೇ ತಂದು ನಿ‍ಲ್ಲಿಸಿದ. ತಾಯಿಗೆಂದು ಹಾಸಿದ್ದ ಮೆತ್ತೆಯ ಮೇಲೆ ಮಗಳನ್ನು ಮಲಗಿಸಿದರು. ಸುಮಿತ್ರಮ್ಮ ಪೇಟ ತೆಗೆದು ಯಾರ ಕೈಗೋ ಕೊಟ್ಟು, ಹಿಂದೆ ಹತ್ತಿ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸನ್ಮಾನದ ಶಾಲನ್ನು ಮಡಿಸಿ ಕೆನ್ನೆಗೆ ಒತ್ತಿ ಹಿಡಿದಿದ್ದರು, ಅದರ ಜರಿಯಂಚು ನೆತ್ತರಿನಲ್ಲಿ ತೋಯ್ದಿತ್ತು. ಆಟೋ ಆಸ್ಪತ್ರೆಯ ದಾರಿ ಹಿಡಿಯಿತು.

ಶಾಲಿನಿ ಒಂದೇ ಕಣ್ಣು ತೆರೆದು ಮೇಲೆ ನೋಡಿದಳು. ಬಾಯಿ ಅರ್ಧ ಮಾತ್ರ ಆಡುತ್ತಿತ್ತು.

"ನೋಡಿದ್ರಾ ಮೇಡಂ? ಎತ್ತಲಿಲ್ಲ ನಾನು."

ಸುಮಿತ್ರಮ್ಮ ತಲೆಯಾಡಿಸಿದರು. ಕಣ್ಣೀರು ಅವರ ಗಲ್ಲದಿಂದ ಹುಡುಗಿಯ ಹಣೆಯ ಮೇಲೆ ಬೀಳುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

"ನೋಡ್ದೆ ಕಣೇ," ಅಂದರು. "ಆದ್ರೆ ಇಲ್ಲಿ ಎತ್ತಬೇಕಿತ್ತು ಕಣಮ್ಮ. ಇದು ನಮ್ಮ ನೆಲ."

ಶಾಲಿನಿಯ ಕೈ ಮೆತ್ತೆಯಿಂದ ತಡಕಾಡುತ್ತ ಮೇಲೆ ಬಂದು ಶಾಲು ಒತ್ತಿದ್ದ ಮೇಡಂನ ಕೈ ಹುಡುಕಿತು, ತೋರುಬೆರಳನ್ನು ಹಿಡಿದುಕೊಂಡಿತು. ತಪ್ಪಾಯ್ತು ಮೇಡಂ, ಅಂದಳು. ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ಮುಂದೆ ಮಹದೇವು ಒಂದೊಂದು ಗುಂಡಿಯನ್ನೂ ತಪ್ಪಿಸಿಕೊಂಡು ಆಟೋ ಓಡಿಸುತ್ತಿದ್ದ.